ಮೊದಲು ಮಾಂಸವೋ, ಮೊದಲು ಪೊರೆಯೋ?

ಮೂಗಿನ ಕಡೆಯ ಮೂಲೆಯಿಂದ ಕರಿಗುಡ್ಡೆಯ ಮೇಲೆ ಹತ್ತಿಕೊಂಡು ಬರುವ ಮಾಂಸದ ಬೆಳವಣಿಗೆ, ಅದರ ಜೊತೆಗೇ ಬಂದ ಪೊರೆ, ಆಪರೇಷನ್ ಆದ ಮೇಲೆ ಕನ್ನಡಕದಲ್ಲಿ ಉಳಿಯುವ ನಂಬರ್. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಈ ವಿಷಯದಲ್ಲಿ ಕೇಳಿದ ಪ್ರಶ್ನೆಗಳಿಗೆ ನಮ್ಮ ನೇತ್ರತಜ್ಞರ ಬಳಗ ಈ ಸಂಚಿಕೆಯಲ್ಲಿ ಉತ್ತರಿಸಿದೆ.

ನಮ್ಮ ತಾಯಿಗೆ 62 ವರ್ಷ. ತೆಂಗಿನ ತೋಟದಲ್ಲೇ ಜೀವನ. ಬಲಗಣ್ಣಿಗೆ ಪೊರೆ ಬಂದಿದೆ ಎಂದು ಕ್ಯಾಂಪಿನಲ್ಲಿ ಹೇಳಿದರು. ಆಪರೇಷನ್‌ಗೆ ಹೋದರೆ, ‘ಕಣ್ಣಿನ ಮೇಲೆ ಮಾಂಸ ಬೆಳೆದಿದೆ, ಮೊದಲು ಅದನ್ನು ತೆಗೆಸಿ, ಎರಡು ತಿಂಗಳು ಬಿಟ್ಟು ಪೊರೆಗೆ ಬನ್ನಿ’ ಎಂದು ವಾಪಸ್ ಕಳಿಸಿದ್ದಾರೆ. ಎರಡೂ ಪೊರೆಯೇ ಅಲ್ಲವೇ? ಒಂದೇ ಸಲ ತೆಗೆಯಬಾರದೇ?
ಓದುಗರು, ಅರಸೀಕೆರೆ

ಎರಡಕ್ಕೂ ನಮ್ಮ ಕಡೆ ‘ಪೊರೆ’ ಎಂದೇ ಹೇಳುವುದರಿಂದ ಈ ಗೊಂದಲ. ಆಪರೇಷನ್ ಮಾಡಿ ಲೆನ್ಸ್ ಹಾಕುವ ಪೊರೆ ಇರುವುದು ಕಣ್ಣಿನ ಒಳಗೆ, ಪಾಪೆಯ ಹಿಂದೆ. ಅಲ್ಲಿರುವ ಸಹಜ ಮಸೂರವೇ ಮಬ್ಬಾಗಿರುತ್ತದೆ. ನಿಮ್ಮ ತಾಯಿಯವರ ಮಾಂಸ ಇರುವುದು ಹೊರಗೆ. ಬಿಳಿಗುಡ್ಡೆಯನ್ನು ಹೊದ್ದಿರುವ ತೆಳುಪದರ ರಕ್ತನಾಳಗಳನ್ನೂ ನಾರನ್ನೂ ಕಟ್ಟಿಕೊಂಡು ಕರಿಗುಡ್ಡೆಯ ಗಾಜಿನಂಥ ಮುಂಭಾಗದ ಮೇಲೆ, ಅಂದರೆ ಕಾರ್ನಿಯಾದ ಮೇಲೆ, ರೆಕ್ಕೆಯ ಆಕಾರದಲ್ಲಿ ಏರಿರುತ್ತದೆ. ಇದಕ್ಕೆ ಟೆರಿಜಿಯಂ ಎಂದು ಹೆಸರು. ಬಿಸಿಲು, ಗಾಳಿ, ದೂಳಿನಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಹೆಚ್ಚು.

ಮೊದಲು ಇದನ್ನು ತೆಗೆಯಿರಿ ಎಂದು ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಕಾರಣ ಅಳತೆಯಲ್ಲಿದೆ. ಕಣ್ಣಿನೊಳಗೆ ಹಾಕುವ ಲೆನ್ಸಿನ ಪವರ್ ಗೊತ್ತುಮಾಡಲು ಮುಖ್ಯವಾಗಿ ಎರಡು ಅಳತೆ ಬೇಕು: ಕಣ್ಣಿನ ಉದ್ದ, ಕಾರ್ನಿಯಾದ ಉಬ್ಬು. ಉದ್ದವನ್ನು ಮಾಂಸ ಬದಲಿಸುವುದಿಲ್ಲ. ಕೆಡುವುದು ಉಬ್ಬಿನ ಅಳತೆ.

ಆರೋಗ್ಯವಂತ ಕಾರ್ನಿಯಾ ನಿಂಬೆಹಣ್ಣಿನ ಹಾಗೆ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ದುಂಡಗೆ ಇರುತ್ತದೆ. ಮಾಂಸ ಅದರ ಮೇಲೆ ಏರಿದಾಗ ನಾರು ಸಂಕುಚಿಸಿ ಅಡ್ಡ ದಿಕ್ಕಿನಲ್ಲಿ ಎಳೆಯುತ್ತದೆ. ಜೊತೆಗೆ ಮಾಂಸದ ತಲೆಯ ಮುಂದೆ ಕಣ್ಣೀರು ಹಳ್ಳದಲ್ಲಿ ನಿಂತಂತೆ ನಿಲ್ಲುತ್ತದೆ. ಎರಡೂ ಸೇರಿ ಅಡ್ಡ ದಿಕ್ಕು ಚಪ್ಪಟೆಯಾಗುತ್ತದೆ, ಮೇಲಿಂದ ಕೆಳಕ್ಕೆ ಉಬ್ಬು ಹಾಗೇ ಉಳಿಯುತ್ತದೆ. ಹಾಸನದ ಆಲೂಗಡ್ಡೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ನೋಡಿ: ಉದ್ದುದ್ದ ಚಪ್ಪಟೆ, ಮೇಲಿಂದ ಕೆಳಕ್ಕೆ ದುಂಡು. ಕಾರ್ನಿಯಾ ಈ ಆಕಾರಕ್ಕೆ ಬರುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂಬ ಕಾಲಮ್ಮಿನಲ್ಲಿ ಮೈನಸ್ ನಂಬರ್, ಪಕ್ಕದ ‘ಆ್ಯಕ್ಸಿಸ್’ ಕಾಲಮ್ಮಿನಲ್ಲಿ 180 ಅಥವಾ ಅದರ ಆಸುಪಾಸು ಬರೆದಿರುತ್ತಾರೆ.

ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ನೋಡೋಣ. ಹಳೆಯ ಸರಳ ಸೂತ್ರವೊಂದರಲ್ಲಿ ಲೆನ್ಸಿನ ಸ್ಥಿರಾಂಕದಿಂದ (118.4 ಎಂದು ಇಟ್ಟುಕೊಳ್ಳಿ) ಕಣ್ಣಿನ ಉದ್ದದ ಎರಡೂವರೆ ಪಟ್ಟು ಮತ್ತು ಕಾರ್ನಿಯಾದ ಸರಾಸರಿ ಪವರ್‌ನ 0.9 ಪಟ್ಟನ್ನು ಕಳೆಯುತ್ತಾರೆ. ಕಣ್ಣಿನ ಉದ್ದ 23 ಮಿ.ಮೀ. ಇರಲಿ. ದೊಡ್ಡ ಮಾಂಸ ಇರುವಾಗ ಕಾರ್ನಿಯಾ ಅಡ್ಡಕ್ಕೆ 40, ಮೇಲಿಂದ ಕೆಳಕ್ಕೆ 44 ಡಯಾಪ್ಟರ್ ತೋರಿಸಿತು, ಸರಾಸರಿ 42 (ಡಯಾಪ್ಟರ್ ಎಂದರೆ ಪವರ್ ಅಳೆಯುವ ಮಾನ, ಉಬ್ಬು ಹೆಚ್ಚಿದಷ್ಟೂ ಪವರ್ ಹೆಚ್ಚು). ಉತ್ತರ 23.1, ಅಂದರೆ 23ರ ಲೆನ್ಸ್. ಅದೇ ಕಣ್ಣಿನ ಮಾಂಸ ತೆಗೆದು ಕಾದ ಮೇಲೆ ಅಡ್ಡಕ್ಕೆ 43.5, ಮೇಲಿಂದ ಕೆಳಕ್ಕೆ 44 ಬಂದಿತು, ಸರಾಸರಿ 43.75. ಈಗ ಬೇಕಾದದ್ದು 21.5ರ ಲೆನ್ಸ್. ಈಗಿನ ಸೂತ್ರಗಳು ಇದಕ್ಕಿಂತ ನಯವಾಗಿವೆ, ಆದರೆ ಅವುಗಳಿಗೂ ಕಾರ್ನಿಯಾದ ಅಳತೆಯನ್ನೇ ಕೊಡಬೇಕು. ಕೊಟ್ಟ ಅಳತೆ ಸುಳ್ಳಾದರೆ ಬರುವ ಉತ್ತರವೂ ಸುಳ್ಳು.

ಮಾಂಸದ ಜೊತೆಯಲ್ಲೇ ಅಳೆದು 23ರ ಲೆನ್ಸ್ ಹಾಕಿ, ಆಮೇಲೆ ಎಂದೋ ಮಾಂಸ ತೆಗೆಸಿದರೆ ಕಾರ್ನಿಯಾ ಮತ್ತೆ ಉಬ್ಬುತ್ತದೆ, ಕಣ್ಣಿಗೆ ಒಂದಕ್ಕಿಂತ ಹೆಚ್ಚು ಡಯಾಪ್ಟರ್ ಮೈನಸ್ ನಂಬರ್ ಬರುತ್ತದೆ. ಕನ್ನಡಕ ಇಲ್ಲದೆ ಒಂದು ಮೀಟರ್ ಆಚೆಯದು ಮಸುಕು. ಒಳಗಿನ ಲೆನ್ಸ್ ಬದಲಿಸುವುದು ಸುಲಭದ ಮಾತಲ್ಲ. ಎರಡು ಸಲ ಅರಸೀಕೆರೆಯಿಂದ ಓಡಾಡುವುದು ಕಷ್ಟ ಎಂಬುದು ನಮಗೆ ಗೊತ್ತು. ಆದರೂ ತಾಯಿಯವರಿಗೆ ಇನ್ನು ಇಪ್ಪತ್ತು ವರ್ಷ ಬೇಕಾದ ಕಣ್ಣು ಅದು, ದಯವಿಟ್ಟು ಕಾಯಿರಿ.

ನನ್ನ ಕಣ್ಣಿನಲ್ಲಿ ಮಾಂಸ ಚಿಕ್ಕದಾಗಿದೆ, ನೋವಿಲ್ಲ. ಪೊರೆ ಆಪರೇಷನ್‌ಗೆ ಮುಂಚೆ ಅದನ್ನೂ ತೆಗೆಸಲೇಬೇಕೇ? ಎಷ್ಟು ಬೆಳೆದರೆ ದೊಡ್ಡದು?
ಓದುಗರು, ಸಕಲೇಶಪುರ

ಎಲ್ಲರೂ ತೆಗೆಸಬೇಕಿಲ್ಲ. ಕಾರ್ನಿಯಾದ ಅಡ್ಡಳತೆ ಸುಮಾರು 11.5ರಿಂದ 12 ಮಿ.ಮೀ. ಬಿಳಿ-ಕಪ್ಪು ಸೇರುವ ಅಂಚಿನಿಂದ ಒಳಕ್ಕೆ ಮಾಂಸದ ತಲೆ ಎಷ್ಟು ಬಂದಿದೆ ಎಂಬುದನ್ನು ಸ್ಲಿಟ್‌ಲ್ಯಾಂಪಿನಲ್ಲಿ ಅಳೆಯುತ್ತಾರೆ. ಒಂದು ಮಿ.ಮೀ. ಒಳಗಿದ್ದು ಶಾಂತವಾಗಿದ್ದರೆ ಸಾಮಾನ್ಯವಾಗಿ ಅಳತೆ ಕೆಡುವುದಿಲ್ಲ, ಬಿಟ್ಟುಬಿಡಬಹುದು. ಎರಡು, ಎರಡೂವರೆ ಮಿ.ಮೀ. ದಾಟಿದ ಮೇಲೆ ಅಸ್ಟಿಗ್ಮ್ಯಾಟಿಸಂ ಒಂದು ಡಯಾಪ್ಟರ್ ಮೀರುವುದು ಸಾಮಾನ್ಯ. ಮೂರು, ಮೂರೂವರೆಗೆ ಬಂದರೆ ಪಾಪೆಯ ಅಂಚು ಹತ್ತಿರವಾಯಿತು ಎಂದು ತಿಳಿಯಿರಿ. ಉಬ್ಬು ಅಳೆಯುವ ಉಪಕರಣವಾದ ಕೆರಾಟೋಮೀಟರ್ ಅಳೆಯುವುದು ಕಾರ್ನಿಯಾದ ನಡುವಿನ ಸುಮಾರು ಮೂರು ಮಿ.ಮೀ. ಜಾಗವನ್ನು. ಮಾಂಸ ಅಲ್ಲಿಗೆ ತಲುಪದೆಯೂ ದೂರದಿಂದಲೇ ಎಳೆದು ಆ ಜಾಗದ ಆಕಾರ ಕೆಡಿಸಬಲ್ಲದು.

ಗಾತ್ರದ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಎರಡೂ ಕಣ್ಣಿನ ಕೆ-ರೀಡಿಂಗ್ (ಕಾರ್ನಿಯಾದ ಉಬ್ಬಿನ ಅಳತೆ) ನಡುವೆ ದೊಡ್ಡ ವ್ಯತ್ಯಾಸ ಇದೆಯೇ? ಉಪಕರಣದಲ್ಲಿ ಕಾಣುವ ಬೆಳಕಿನ ಬಳೆಗಳು ಸೊಟ್ಟಗಾಗಿ ಒಡೆದಂತೆ ಕಾಣುತ್ತವೆಯೇ? ಹಳೆಯ ಕನ್ನಡಕದ ಚೀಟಿಗಳಲ್ಲಿ ಸಿಲಿಂಡರ್ ನಂಬರ್ ವರ್ಷದಿಂದ ವರ್ಷಕ್ಕೆ ಏರಿದೆಯೇ? ಹಾಗಾಗಿಯೇ ಹಳೆಯ ಚೀಟಿಗಳನ್ನು ಎಸೆಯಬೇಡಿ. ಸಣ್ಣ ತೂತಿನ ಪಿನ್‌ಹೋಲ್ ಇಟ್ಟು ನೋಡಿದಾಗ ಅಕ್ಷರ ಸ್ಪಷ್ಟವಾದರೆ, ಮಸುಕಿನಲ್ಲಿ ದೊಡ್ಡ ಪಾಲು ನಂಬರಿನದು, ಪೊರೆಯದು ಕಡಿಮೆ ಎಂದೂ ತಿಳಿಯುತ್ತದೆ.

ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಚಿಕ್ಕ ಮಾಂಸಕ್ಕೆ ಕೈ ಹಾಕುವುದನ್ನು ನಾವು ಒಪ್ಪುವುದಿಲ್ಲ. ಮರಳಿ ಬಂದ ಮಾಂಸ ಮೊದಲಿನದಕ್ಕಿಂತ ದಪ್ಪಗೆ, ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಮಾಂಸ ತೆಗೆದ ಮೇಲೆ ಪೊರೆಗೆ ಎಷ್ಟು ವಾರ ಕಾಯಬೇಕು? ಒಬ್ಬರು ಒಂದು ತಿಂಗಳು ಎಂದರೆ ಇನ್ನೊಬ್ಬರು ಮೂರು ತಿಂಗಳು ಎನ್ನುತ್ತಾರೆ. ಅಷ್ಟು ದಿನ ಏನು ಎಚ್ಚರ ಬೇಕು?
ಓದುಗರು, ಕಡೂರು

ಇಬ್ಬರೂ ಸರಿ. ಚಿಕ್ಕ ಮಾಂಸವಾದರೆ ನಾಲ್ಕರಿಂದ ಆರು ವಾರಕ್ಕೆ ಕಾರ್ನಿಯಾ ನೆಲೆಗೆ ಬರಬಹುದು. ದೊಡ್ಡದಾದರೆ, ಎರಡನೇ ಸಲ ಬಂದದ್ದಾದರೆ, ಮೂರು ತಿಂಗಳು ಬೇಕಾಗುತ್ತದೆ. ಕ್ಯಾಲೆಂಡರಿಗಿಂತ ಅಳತೆಯನ್ನು ನಂಬಿ: ಎರಡು, ಮೂರು ವಾರದ ಅಂತರದಲ್ಲಿ ತೆಗೆದ ಎರಡು ಕೆ-ರೀಡಿಂಗ್ ಅರ್ಧ ಡಯಾಪ್ಟರ್ ಒಳಗೆ ಹೊಂದಿಕೊಂಡರೆ ಲೆನ್ಸ್ ಲೆಕ್ಕ ಹಾಕಬಹುದು. ಹೊಂದದಿದ್ದರೆ ಇನ್ನೂ ಕಾಯಬೇಕು.

ತೆಗೆಯುವ ವಿಧಾನವೂ ಮುಖ್ಯ. ಮಾಂಸ ಕತ್ತರಿಸಿ ಜಾಗವನ್ನು ಬರಿದೆ ಬಿಟ್ಟರೆ ಮೂವರಲ್ಲಿ ಒಬ್ಬರಿಗಾದರೂ, ಎಷ್ಟೋ ವೇಳೆ ಅದಕ್ಕಿಂತ ಹೆಚ್ಚು ಜನರಿಗೆ, ಅದು ಮತ್ತೆ ಬೆಳೆಯುತ್ತದೆ. ಅದಕ್ಕೇ ಈಗ ಅದೇ ಕಣ್ಣಿನ ಮೇಲ್ಭಾಗದಿಂದ, ರೆಪ್ಪೆಯ ಅಡಿಯಲ್ಲಿ ಬಿಸಿಲು ಬೀಳದ ಕಡೆಯಿಂದ, ತೆಳುವಾದ ಪದರ ತೆಗೆದು ಖಾಲಿ ಜಾಗಕ್ಕೆ ಕೂರಿಸುತ್ತಾರೆ. ಅದನ್ನು ಸೂಕ್ಷ್ಮ ಹೊಲಿಗೆಯಿಂದ, ಫೈಬ್ರಿನ್ ಅಂಟಿನಿಂದ, ಇಲ್ಲವೇ ರೋಗಿಯದೇ ರಕ್ತ ಹೆಪ್ಪುಗಟ್ಟುವುದರಿಂದ ನಿಲ್ಲಿಸುತ್ತಾರೆ. ಹೀಗೆ ಮಾಡಿದಾಗ ಮರಳಿ ಬರುವುದು ಬಹಳ ಕಡಿಮೆ. ‘ಗ್ರಾಫ್ಟ್ ಹಾಕುತ್ತೀರಾ?’ ಎಂದು ಧೈರ್ಯವಾಗಿ ಕೇಳಿ, ಅದು ರೋಗಿಯ ಹಕ್ಕು. ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ಕಾಯಿಲೆ, ಇರುವವರು ಮೊದಲೇ ತಿಳಿಸಿ. ಮುಂದೆ ಒತ್ತಡ ಇಳಿಸುವ ಆಪರೇಷನ್‌ಗೆ ಮೇಲ್ಭಾಗದ ಪದರ ಬೇಕಾಗುತ್ತದೆ, ಅಂಥವರಿಗೆ ಕೆಳಭಾಗದಿಂದ ಗ್ರಾಫ್ಟ್ ತೆಗೆಯುವುದು ಒಳ್ಳೆಯದು.

ಮೊದಲ ವಾರ ಕಣ್ಣು ಉಜ್ಜಿದರೆ ಗ್ರಾಫ್ಟ್ ಜರುಗುತ್ತದೆ. ರಾತ್ರಿ ಗಟ್ಟಿ ಶೀಲ್ಡ್ ಹಾಕಿಕೊಳ್ಳಿ. ತಲೆಗೆ ಸ್ನಾನ, ಸೌದೆ ಒಲೆಯ ಹೊಗೆ, ರಾಗಿ ಒಕ್ಕಣೆಯ ದೂಳು, ಕೊಟ್ಟಿಗೆ ಬಾಚುವ ಕೆಲಸ ಬೇಡ. ಕಣ್ಣು ಕೆಂಪಗೆ, ಚುಚ್ಚಿದಂತೆ ಇರುವುದು ಮೊದಲ ಹತ್ತು ದಿನ ಸಹಜ. ನೋವು ದಿನದಿಂದ ದಿನಕ್ಕೆ ಏರಿದರೆ, ಕೀವು ಬಂದರೆ, ದೃಷ್ಟಿ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸ್ಟಿರಾಯ್ಡ್ ಹನಿಯ ಬಗ್ಗೆ ಒತ್ತಿ ಹೇಳಬೇಕು. ಊತ ಇಳಿಸಲು, ಮಾಂಸ ಮತ್ತೆ ಬಾರದಿರಲು ಅದು ಬೇಕೇ ಬೇಕು. ಮೊದಲಿಗೆ ದಿನಕ್ಕೆ ನಾಲ್ಕರಿಂದ ಆರು ಸಲ ಹಾಕಿ, ಆರೆಂಟು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಕಣ್ಣು ಬೆಳ್ಳಗಾಯಿತೆಂದು ನೀವೇ ನಿಲ್ಲಿಸಬೇಡಿ. ಕೆಂಪಾಯಿತೆಂದು ಹಳೆಯ ಬಾಟಲಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತಂದು ಮುಂದುವರಿಸಲೂ ಬೇಡಿ. ಕೆಲವರಿಗೆ ಈ ಹನಿಯಿಂದ ಕಣ್ಣಿನ ಒತ್ತಡ ಏರುತ್ತದೆ, ನೋವಿಲ್ಲದೆಯೇ ನರ ಹಾಳಾಗುತ್ತದೆ. ಮೂರು, ನಾಲ್ಕು ವಾರಕ್ಕೊಮ್ಮೆ ಒತ್ತಡ ಅಳೆಸಿ. ಉಳಿದ ಹನಿಯನ್ನು ಎಸೆದುಬಿಡಿ.

ತಂದೆಗೆ ಎರಡು ವರ್ಷದ ಹಿಂದೆ ಪೊರೆ ಆಪರೇಷನ್ ಆಗಿದೆ. ಮಾಂಸ ಹಾಗೇ ಬಿಟ್ಟಿದ್ದರು. ಈಗ ಕನ್ನಡಕದಲ್ಲಿ ಸಿಲಿಂಡರ್ ಮೈನಸ್ 3, ಆ್ಯಕ್ಸಿಸ್ 180 ಇದೆ, ತಲೆ ಸುತ್ತುತ್ತದೆ ಎನ್ನುತ್ತಾರೆ. ಈಗ ಮಾಂಸ ತೆಗೆಸಬಹುದೇ?
ಓದುಗರು, ಬೇಲೂರು

ತೆಗೆಸಬಹುದು. ಆದರೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ಸಿಲಿಂಡರ್ ಬಹುಮಟ್ಟಿಗೆ ಇಳಿಯುತ್ತದೆ, ತಲೆ ಸುತ್ತು ತಗ್ಗುತ್ತದೆ. ಅದೇ ಹೊತ್ತಿಗೆ, ಮೇಲಿನ ಲೆಕ್ಕದಂತೆ, ಕಣ್ಣು ಸ್ವಲ್ಪ ಮೈನಸ್ ಕಡೆ ಸರಿಯುತ್ತದೆ. ಓದುವುದು ಬರಿಗಣ್ಣಿಗೆ ಸುಲಭವಾಗಬಹುದು, ಬಸ್ಸಿನ ಬೋರ್ಡಿಗೆ ಕನ್ನಡಕ ಬೇಕಾಗಬಹುದು. ಮಾಂಸ ಪಾಪೆಯ ಎದುರಿಗೇ ಬಂದಿದ್ದರೆ ತೆಗೆದ ಮೇಲೂ ಅಲ್ಲೊಂದು ಬಿಳಿ ಕಲೆ, ಏರುಪೇರಾದ ಮೇಲ್ಮೈ ಉಳಿಯುತ್ತದೆ, ಅದನ್ನು ಯಾವ ಕನ್ನಡಕವೂ ಪೂರ್ತಿ ಸರಿಪಡಿಸದು. ಅಲ್ಲಿಯವರೆಗೆ ಬಿಡಬಾರದು ಎಂದು ನಾವು ಹೇಳುವುದು ಇದಕ್ಕೇ. ಹೊಸ ಕನ್ನಡಕವನ್ನು ಆಪರೇಷನ್ ಆದ ಎರಡು ತಿಂಗಳವರೆಗೆ ಮಾಡಿಸಬೇಡಿ, ದುಡ್ಡು ದಂಡವಾದೀತು.

ಮಾಂಸವೂ ಇದೆ, ಪೊರೆಯೂ ಇದೆ. ಸಿಲಿಂಡರ್ ನಂಬರ್ ಹೋಗಬೇಕಾದರೆ ಟೋರಿಕ್ ಲೆನ್ಸ್ ಹಾಕಿಸಿ ಎಂದಿದ್ದಾರೆ. ಖರ್ಚು ಹೆಚ್ಚು. ಹಾಕಿಸಬಹುದೇ?
ಓದುಗರು, ಚಿಕ್ಕಮಗಳೂರು

ಮಾಂಸ ಇರುವಾಗ ಅಳೆದ ಸಿಲಿಂಡರಿಗೆ ಟೋರಿಕ್ ಬೇಡ. ಟೋರಿಕ್, ಅಂದರೆ ಸಿಲಿಂಡರ್ ನಂಬರನ್ನೂ ತನ್ನೊಳಗೇ ಹೊಂದಿರುವ ಲೆನ್ಸ್, ಒಳ್ಳೆಯ ವಸ್ತುವೇ, ಬದಲಾಗದೆ ನೆಲೆನಿಂತ ಅಸ್ಟಿಗ್ಮ್ಯಾಟಿಸಂಗೆ. ಮಾಂಸ ತಂದ ಅಸ್ಟಿಗ್ಮ್ಯಾಟಿಸಂ ಇಂದು ಬೆಳೆಯುತ್ತದೆ, ನಾಳೆ ಮಾಂಸ ತೆಗೆದರೆ ಹೋಗುತ್ತದೆ. ಆಗ ಲೆನ್ಸಿನ ಒಳಗಿನ ಸಿಲಿಂಡರ್ ಮಾತ್ರ ಕಣ್ಣಿನಲ್ಲಿ ಉಳಿದು, ಇಲ್ಲದ ದೋಷವನ್ನು ತಾನೇ ಹುಟ್ಟಿಸುತ್ತದೆ. ದಿಕ್ಕೂ ನಿಖರವಾಗಿರಬೇಕು: ಟೋರಿಕ್ ಒಂದು ಡಿಗ್ರಿ ತಿರುಗಿದರೆ ಸುಮಾರು ನೂರಕ್ಕೆ ಮೂರು ಪಾಲು ಉಪಯೋಗ ಹೋಯಿತು, ಹತ್ತು ಡಿಗ್ರಿಗೆ ಮೂರನೇ ಒಂದು ಭಾಗ, ಮೂವತ್ತಕ್ಕೆ ಏನೂ ಉಳಿಯದು.

ಇನ್ನೊಂದು ವಿಷಯ ಇದೆ, ಇದು ಎಷ್ಟೋ ಸಲ ತಪ್ಪಿಹೋಗುತ್ತದೆ. ವಯಸ್ಸಾದಂತೆ ಕಾರ್ನಿಯಾ ತಾನಾಗಿಯೇ ನಿಲ್ಲಿಸಿದ ಆಲೂಗಡ್ಡೆಯ ಆಕಾರಕ್ಕೆ ತಿರುಗುತ್ತದೆ, ಆ್ಯಕ್ಸಿಸ್ 90ರ ಕಡೆ ಹೋಗುತ್ತದೆ. ಮಾಂಸ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆದು ಅದನ್ನು ಮುಚ್ಚಿಟ್ಟಿರುತ್ತದೆ. ಮಾಂಸ ತೆಗೆದ ಮೇಲೆ 180ರಲ್ಲಿದ್ದ ಸಿಲಿಂಡರ್ ಹೋಗಿ 90ರಲ್ಲಿ ಹೊಸದು ಕಾಣಿಸಿಕೊಳ್ಳಬಹುದು. ಯಂತ್ರವಿಲ್ಲದೆ ಕೈಯಿಂದಲೇ ಮಾಡುವ, ಹೊಲಿಗೆ ಇಲ್ಲದ ಪೊರೆ ಆಪರೇಷನ್‌ನಲ್ಲಿ ಆರು, ಆರೂವರೆ ಮಿ.ಮೀ. ಗಾಯವನ್ನು ಕಣ್ಣಿನ ಮೇಲ್ಭಾಗದಲ್ಲಿ ಮಾಡಿದರೆ ಆ ದಿಕ್ಕು ಚಪ್ಪಟೆಯಾಗಿ 90ರ ಸಿಲಿಂಡರ್ ಇನ್ನಷ್ಟು ಏರುತ್ತದೆ. ಇದನ್ನು ಮೊದಲೇ ಕಂಡರೆ ಸರ್ಜನ್ ಗಾಯವನ್ನು ಕಿವಿಯ ಕಡೆಗೆ ಮಾಡಬಹುದು, ಅಥವಾ ಎರಡರಿಂದ ಮೂರು ಮಿ.ಮೀ. ಗಾಯದಲ್ಲಿ ಯಂತ್ರದಿಂದ ಪೊರೆ ತೆಗೆಯುವ ಫೇಕೋ ಆರಿಸಬಹುದು. ಮಾಂಸ ತೆಗೆದು, ಅಳತೆ ನಿಂತು, ಆಮೇಲೂ ಒಂದೂಕಾಲು, ಒಂದೂವರೆ ಡಯಾಪ್ಟರ್ ಉಳಿದರೆ ಆಗ ಟೋರಿಕ್ ವಿಚಾರ ಮಾಡಿ. ಎಷ್ಟೋ ಜನರಿಗೆ ಆ ಹೊತ್ತಿಗೆ ಅದರ ಅಗತ್ಯವೇ ಇರುವುದಿಲ್ಲ.

ನಾನು ಎಸ್ಟೇಟಿನಲ್ಲಿ ದಿನಗೂಲಿ. ಎರಡು ಸಲ ರಜೆ ಹಾಕಿದರೆ ಮನೆ ನಡೆಯುವುದಿಲ್ಲ. ಎರಡನ್ನೂ ಒಂದೇ ದಿನ ಮಾಡುವುದು ತಪ್ಪೇ?
ಓದುಗರು, ಮೂಡಿಗೆರೆ

ತಪ್ಪಲ್ಲ. ಪೊರೆ ಪೂರ್ತಿ ಬಲಿತು ಬೆಳ್ಳಗಾಗಿದ್ದರೆ, ಅದು ಊದಿ ಕಣ್ಣಿನ ಒತ್ತಡ ಏರಿದ್ದರೆ, ಇರುವುದೊಂದೇ ಕಣ್ಣು ಅದರಲ್ಲೂ ಕಾಣದಿದ್ದರೆ, ಎರಡನೇ ಸಲ ಬರಲು ನಿಜಕ್ಕೂ ಆಗದಿದ್ದರೆ ಒಟ್ಟಿಗೆ ಮಾಡುತ್ತಾರೆ. ಮಾಂಸ ಚಿಕ್ಕದಾದಷ್ಟೂ ಲೆಕ್ಕದ ತಪ್ಪು ಚಿಕ್ಕದು. ಮಾಂಸ ದೊಡ್ಡದಾಗಿ ಇನ್ನೊಂದು ಕಣ್ಣು ಶುದ್ಧವಾಗಿದ್ದರೆ, ಆ ಕಣ್ಣಿನ ಕೆ-ರೀಡಿಂಗನ್ನು ಆಧಾರವಾಗಿ ಇಟ್ಟುಕೊಂಡು ಲೆನ್ಸ್ ಆರಿಸುವುದುಂಟು. ಇದು ಅಂದಾಜು. ಅರ್ಧದಿಂದ ಒಂದು ಡಯಾಪ್ಟರ್ ಆಚೀಚೆ ಆಗಿ ಕನ್ನಡಕ ಬೇಕಾಗಬಹುದು ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಿರಿ.

ಬೇರೆಯಾಗಿ ಮಾಡಿಸುವುದಾದರೆ ಮಾಂಸದ ಆಪರೇಷನ್ ಆದ ಒಂದು ವಾರ ಪೂರ್ತಿ ವಿಶ್ರಾಂತಿ, ಆಮೇಲೆ ದೂಳಿಲ್ಲದ ಹಗುರ ಕೆಲಸ ಮಾಡಬಹುದು. ಕಾಫಿ ಕೊಯ್ಲು ಶುರುವಾಗುವ ಮುನ್ನ ಮಾಂಸ, ಕೊಯ್ಲು ಮುಗಿದ ಮೇಲೆ ಪೊರೆ ಎಂದು ಹೊಂದಿಸಿಕೊಂಡರೆ ಕೂಲಿಯೂ ಉಳಿಯುತ್ತದೆ, ಕಾರ್ನಿಯಾಕ್ಕೆ ಬೇಕಾದ ಸಮಯವೂ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ದಿನ ಕೇಳಿ.

ಅತ್ತೆಯವರ ಕಣ್ಣಿನಲ್ಲಿ ಕಿವಿಯ ಕಡೆಯಿಂದ ಬಿಳಿಚಿಕೊಂಡ ಗಂಟಿನಂತೆ ಬೆಳೆದಿದೆ. ಆರು ತಿಂಗಳಲ್ಲಿ ದೊಡ್ಡದಾಯಿತು. ಇದೂ ಟೆರಿಜಿಯಂ ಇರಬಹುದೇ?
ಓದುಗರು, ಚನ್ನರಾಯಪಟ್ಟಣ

ಇದನ್ನು ಮುಂದೂಡಬೇಡಿ, ಈ ವಾರವೇ ತೋರಿಸಿ. ಟೆರಿಜಿಯಂ ಸಾಮಾನ್ಯವಾಗಿ ಮೂಗಿನ ಕಡೆಯಿಂದ, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ತಿಂಗಳುಗಳಲ್ಲಿ ಬೆಳೆದದ್ದು, ಲೋಳೆಯಂತೆ ಅಥವಾ ಸುಣ್ಣ ಬಳಿದಂತೆ ಬೆಳ್ಳಗಿರುವುದು, ದಪ್ಪ ರಕ್ತನಾಳಗಳು ನುಗ್ಗಿರುವುದು, ಮುಟ್ಟಿದರೆ ರಕ್ತ ಬರುವುದು: ಇವು ಕಣ್ಣಿನ ಮೇಲ್ಮೈಯ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಬೇಗ ಹಿಡಿದರೆ ಪೂರ್ತಿ ತೆಗೆಯಬಹುದು. ತೆಗೆದ ತುಂಡನ್ನು ಬಯಾಪ್ಸಿಗೆ ಕಳಿಸಲೇಬೇಕು. ಪೊರೆ ಆಪರೇಷನ್ ಅದಾದ ಮೇಲೆ.

ಇನ್ನೂ ಕೆಲವು ಬೆಳವಣಿಗೆಗಳಿವೆ. ಎಲೆಅಡಿಕೆಯ ಸುಣ್ಣ ಅಥವಾ ಗೋಡೆಯ ಸುಣ್ಣ ಕಣ್ಣಿಗೆ ಸಿಡಿದು ಸುಟ್ಟ ಜಾಗಕ್ಕೆ ಪದರ ಅಂಟಿಕೊಂಡರೆ ಟೆರಿಜಿಯಂನಂತೆಯೇ ಕಾಣುತ್ತದೆ, ಆದರೆ ಅದರ ಕೆಳಗೆ ಸಣ್ಣ ಕಡ್ಡಿ ತೂರಿಸಬಹುದು. ಎಳೆತ ಯಾವ ದಿಕ್ಕಿಗಾದರೂ ಇರಬಹುದಾದ್ದರಿಂದ ಸಿಲಿಂಡರೂ ಓರೆಯಾಗುತ್ತದೆ. ಕಾರ್ನಿಯಾದ ಮೇಲೆ ಬೂದು-ನೀಲಿ ಗುಳ್ಳೆಗಳಂತೆ ಏಳುವ ಸಾಲ್ಜ್‌ಮನ್ ಗಂಟುಗಳು ಕೆ-ರೀಡಿಂಗನ್ನು ಎರ್ರಾಬಿರ್ರಿ ಮಾಡುತ್ತವೆ. ಇವುಗಳನ್ನೂ ಕೆರೆದು ತೆಗೆದು, ಎರಡು, ಮೂರು ತಿಂಗಳು ಬಿಟ್ಟೇ ಲೆನ್ಸ್ ಅಳೆಯಬೇಕು. ಬಿಳಿಗುಡ್ಡೆಯಲ್ಲೇ ಉಳಿದ ಹಳದಿ ಚುಕ್ಕೆ, ಪಿಂಗ್ವೆಕ್ಯುಲಾ, ಪೊರೆ ಅಳತೆಗೆ ತೊಂದರೆ ಕೊಡುವುದಿಲ್ಲ.

ನಂದಿಬಟ್ಟಲು ಹೂವಿನ ರಸ ಬಿಟ್ಟರೆ ಮಾಂಸ ಕರಗುತ್ತದೆ ಎನ್ನುತ್ತಾರೆ, ನಿಜವೇ?
ಓದುಗರು, ತರೀಕೆರೆ

ಇಲ್ಲ. ಅದು ನಾರು ಮತ್ತು ರಕ್ತನಾಳದ ಬೆಳವಣಿಗೆ, ಯಾವ ಹನಿಗೂ ಕರಗದು. ಡಾಕ್ಟರ್ ಕೊಡುವ ಹನಿಯೂ ಕೆಂಪು, ಉರಿ ಇಳಿಸುತ್ತದೆ ಅಷ್ಟೇ. ಹೂವಿನ ರಸದಲ್ಲಿ ಮಣ್ಣು, ಶಿಲೀಂಧ್ರ ಸೇರಿ ಕಾರ್ನಿಯಾದಲ್ಲಿ ಹುಣ್ಣಾದರೆ ಪೊರೆ ಆಪರೇಷನ್ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ, ಕಲೆ ಶಾಶ್ವತವಾಗಿ ಉಳಿಯಬಹುದು.

ತೆಗೆಸಿದ ಮೇಲೆ ಮತ್ತೆ ಬಾರದಿರಲು ಕೂಲಿಂಗ್ ಗ್ಲಾಸ್ ಸಾಕೇ? ಯಾವುದು ಕೊಳ್ಳಬೇಕು?
ಓದುಗರು, ಅಜ್ಜಂಪುರ

ಬಣ್ಣ ನೋಡಿ ಕೊಳ್ಳಬೇಡಿ. ಕಡುಗಪ್ಪು ಗಾಜು ನೇರಳಾತೀತ ಕಿರಣ ತಡೆಯದೆ ಪಾಪೆಯನ್ನು ಅಗಲಿಸಿದರೆ ಹಾನಿಯೇ ಹೆಚ್ಚು. ‘ಯುವಿ 400’ ಎಂದು ಬರೆದಿರಬೇಕು. ಕನ್ನಡಕದ ಅಂಗಡಿಯಲ್ಲಿ ಪರೀಕ್ಷಿಸುವ ಚಿಕ್ಕ ಉಪಕರಣ ಇದ್ದರೆ ಅದರಲ್ಲಿ ನೋಡಿಸಿ. ನಂಬರಿನ ಕನ್ನಡಕ ಹಾಕುವವರು ಅದೇ ಗಾಜಿನಲ್ಲಿ ಈ ರಕ್ಷಣೆ ಕೇಳಬಹುದು, ಬಣ್ಣ ಬೇಕಾಗಿಲ್ಲ. ಬೆಳಕು ಪಕ್ಕದಿಂದ ಕಾರ್ನಿಯಾಕ್ಕೆ ಬಿದ್ದು ಮೂಗಿನ ಕಡೆಯ ಅಂಚಿನಲ್ಲಿ ಒಟ್ಟುಗೂಡುವುದರಿಂದ ಪಕ್ಕಗಳೂ ಮುಚ್ಚುವ ಅಗಲ ಫ್ರೇಮ್ ಒಳ್ಳೆಯದು. ಜೊತೆಗೆ ಅಂಚು ಅಗಲವಾದ ಟೋಪಿ, ಇಲ್ಲದಿದ್ದರೆ ಹಣೆಯ ಮುಂದೆ ಬರುವಂತೆ ಕಟ್ಟಿದ ಟವೆಲ್ಲು. ನಮ್ಮ ಎರಡೂ ಜಿಲ್ಲೆಯ ಬಹುಭಾಗ ಸಮುದ್ರಮಟ್ಟದಿಂದ ಎತ್ತರದಲ್ಲಿರುವುದರಿಂದ, ತಂಪು ಗಾಳಿ ಇದ್ದ ದಿನವೂ ಈ ಕಿರಣದ ತೀವ್ರತೆ ಕಡಿಮೆ ಇರುವುದಿಲ್ಲ. ಕಣದಲ್ಲಿ ಕಾಫಿ ಒಣಗಿಸುವಾಗ, ಬೈಕಿನಲ್ಲಿ ಹೋಗುವಾಗ ತಪ್ಪದೆ ಹಾಕಿಕೊಳ್ಳಿ. ಮರಳಿ ಬರುವ ಮಾಂಸ ಹೆಚ್ಚಾಗಿ ಮೊದಲ ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ, ಆ ವರ್ಷ ಮೂರು ತಿಂಗಳಿಗೊಮ್ಮೆ ತೋರಿಸಿ.